ರೋಗಿಗೆ ಸಲ್ಲಬೇಕಾದ ನುಡಿ

ಕೆಲವು ವರ್ಷಗಳ ಹಿಂದೆ ಶ್ರೀಮಠದ ವೃದ್ಧ ಭಕ್ತರೊಬ್ಬರು ಅರ್ಬುದರೋಗದಿಂದ ಆಸ್ಪತ್ರೆ ಸೇರಿದ್ದರು. ವೈದ್ಯರು ಮಕ್ಕಳಿಗೆ ಎಲ್ಲವನ್ನೂ ವಿವರಿಸಿದ್ದರು. ರೋಗಿಗೆ ಮಾತ್ರ ಏನನ್ನೂ ತಿಳಿಸಿರಲಿಲ್ಲ. “ಬುದ್ಧೀ, ನನಗೇನಾಗಿದೆ?” ಎಂದು ಅವರು ಕೇಳಿದಾಗ, ಮಕ್ಕಳ ಕೋರಿಕೆಗೆ ಕಟ್ಟುಬಿದ್ದ ನಾವು ಹಣೆಗೆ ವಿಭೂತಿಯಿಟ್ಟು, “ಗುಣವಾಗುತ್ತದೆ” ಎಂದು ಹೇಳಿ ಬಂದೆವು. ವಾರದೊಳಗೆ ಅವರು ಲಿಂಗೈಕ್ಯರಾದರು. ತಮ್ಮನೊಡನೆ ಬಿಟ್ಟುಹೋಗಿದ್ದ ಮಾತು ಹಾಗೆಯೇ ಉಳಿಯಿತು.

ಚಿಕಿತ್ಸೆಯ ಸ್ವರೂಪ, ಅಪಾಯ ಹಾಗೂ ಪರ್ಯಾಯಗಳನ್ನು ತಿಳಿಸಿಯೇ ರೋಗಿಯ ಸಮ್ಮತಿ ಪಡೆಯಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ವಿಧಿಸಿತು. 2019ರಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ನೀತಿ, ಸಂವಹನಗಳ ಪಾಠವೂ ನಡೆಯುತ್ತಿದೆ. ಇವೆರಡೂ ಸ್ತುತ್ಯವೇ. ಆದರೆ ಹಾಸಿಗೆಯ ಬದಿಯಲ್ಲಿ ಕುಳಿತು, “ನಿಮಗೆಷ್ಟು ತಿಳಿಯಬೇಕೆನಿಸುತ್ತದೆ?” ಎಂದು ಕೇಳಲು ಕರುಣೆಯೊಡನೆ ಧೈರ್ಯವೂ ಬೇಕು. ಅಂದು ನಮ್ಮಲ್ಲಿ ಆ ಧೈರ್ಯವಿರಲಿಲ್ಲ.