ಹಾರನಹಳ್ಳಿಯ ಕೆತ್ತದ ಕಲ್ಲುಗಳು

ಬೇಲೂರು, ಹಳೇಬೀಡುಗಳ ಜಾತ್ರೆಯಂಥ ಜನಸಂದಣಿಯಿಂದ ಹೊರಟು ಹಾರನಹಳ್ಳಿಗೆ ಬಂದರೆ ಇಂಥ ಗುಡಿಯ ಮುಂದೆ ಯಾರೂ ಇಲ್ಲವಲ್ಲ ಎಂದು ಬೆರಗಾಗುತ್ತದೆ. ಅರಸೀಕೆರೆಯಿಂದ ಹಾಸನದ ದಾರಿಯಲ್ಲಿ ಎಂಟು ಕಿಲೋಮೀಟರ್ ಬಂದರೆ ಸಾಕು. ಕೋಡಿಮಠದ ಊರೆಂದರೆ ನಾಡಿಗೆಲ್ಲ ಗೊತ್ತು. ಎರಡು ಹೊಯ್ಸಳ ಗುಡಿಗಳ ಊರೆಂದು ಬಲ್ಲವರು ಕಡಿಮೆ.

1235ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ಗುಡಿಗಳಿವು. ಲಕ್ಷ್ಮೀನರಸಿಂಹನದು ಮೂರು ಗರ್ಭಗುಡಿಗಳ ತ್ರಿಕೂಟ. ಜಗತಿಯ ಮೇಲೆ ಸುತ್ತು ಬಂದರೆ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಎಲ್ಲಕ್ಕೂ ಮೇಲೆ ಹಂಸ. ನಿಂತು ನೋಡಿದಷ್ಟೂ ಹೊತ್ತು ಸಾಲದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೋಮೇಶ್ವರನ ಗುಡಿ. ಅಲ್ಲಿಯ ತಳದ ಪಟ್ಟಿಕೆಗಳು ಬಹುಪಾಲು ಖಾಲಿ. ಪಟ್ಟಿಕೆ ಇದೆ, ಅಂಚು ಇದೆ, ಮೂಲೆ ಮೂಲೆಯ ತಿರುವೂ ಇದೆ, ಶಿಲ್ಪ ಮಾತ್ರ ಇಲ್ಲ. ಆ ಬೋಳು ಬಳಪದ ಕಲ್ಲಿನ ಮೇಲೆ ಕೈಯಾಡಿಸಿದಾಗ ಮೈ ಜುಮ್ಮೆಂದಿತು. ಬೇಲೂರಿನಲ್ಲಿ ಮದನಿಕೆಯ ಬಳೆ, ಮಣಿ, ಬಳ್ಳಿಗಳ ಸೊಬಗಿನಲ್ಲಿ ಕಣ್ಣು ಮುಳುಗಿ, ಅವುಗಳ ಹಿಂದಿನ ದುಡಿಮೆ ಕಾಣುವುದೇ ಇಲ್ಲ. ಇಲ್ಲಿ ಕಾಣುವುದು ಅದೊಂದೇ: ಕಲ್ಲು ತೆಗೆದವರು, ಸಾಗಿಸಿದವರು, ಮಟ್ಟ ಮಾಡಿದವರು, ಸಂದಿಯಿಲ್ಲದಂತೆ ಕೂಡಿಸಿದವರು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಬಿಟ್ಟು ಹೋಗಿದ್ದಾರೆ. ಇದೇ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮರ ಹೆಸರುಗಳಿವೆ. ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ.

ಗುಡಿಯಿಂದ ಬೀದಿಗೆ ಇಳಿದಾಗ ಒಂದು ಮನೆಯ ಜಗುಲಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ತಾಯಿ ತೆಂಗಿನ ಗರಿ ಸೀಳುತ್ತ ಕೂತಿದ್ದರು. ಎಡಗೈಯಲ್ಲಿ ಗರಿ ಹಿಡಿದು, ಬಲಗೈಯ ಸಣ್ಣ ಚಾಕುವನ್ನು ಒಂದೇ ಎಳೆತಕ್ಕೆ ಜಾರಿಸಿದರೆ ಕಡ್ಡಿ ಬೇರೆ, ಎಲೆ ಬೇರೆ. ನನ್ನ ಜೊತೆ ಮಾತಾಡುವಾಗಲೂ ಕಣ್ಣು ಕೆಳಗಿಳಿಯಲಿಲ್ಲ, ಕೈ ನಿಲ್ಲಲಿಲ್ಲ.

“ಏನ್ ಕೆಲಸ ಮಾಡ್ತೀರಮ್ಮ?”

“ಏನಿಲ್ಲ ಕಣಪ್ಪ, ಮನೇಲೇ ಇರೋದು.”

ಹಾಗೆಂದವರ ಪಕ್ಕದಲ್ಲಿ ಕಟ್ಟಿ ಮುಗಿಸಿದ ಪೊರಕೆಗಳ ರಾಶಿ! ಮೆಲ್ಲಗೆ ಕೇಳುತ್ತ ಹೋದೆ. ಮಳೆಗಾಲದಲ್ಲಿ ರಾಗಿ ಹೊಲದ ಕಳೆ, ಆಮೇಲೆ ಕುಯ್ಲು, ಒಕ್ಕಣೆ. ವರ್ಷವಿಡೀ ಎರಡು ಹಸು. ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಉಂಡೆ ಲೊಡಲೊಡ ಎಂದಾಗ ಇಳಿಸಿ, ಸುಲಿದು, ಚಿಪ್ಪು ಒಡೆದು ಬಿಡಿಸುವುದು. ನಡುನಡುವೆ ಪೊರಕೆ.

ಜನಗಣತಿ ಎಂಬ ಮಹಾಕಾರ್ಯದ ಮೇಲೆ ನನಗೆ ಗೌರವ ಹುಟ್ಟುವುದು ಇಂಥ ಜಗುಲಿಯ ಮುಂದೆ ನಿಂತಾಗಲೇ. 2011ರಲ್ಲಿ ಗಣತಿದಾರರ ಕೈಯಲ್ಲಿದ್ದ ನಮೂನೆಯಲ್ಲಿ 29 ಪ್ರಶ್ನೆಗಳಿದ್ದವು. ದುಡಿಮೆಯ ಪ್ರಶ್ನೆಗಳಲ್ಲಿ ಮೊದಲನೆಯದು ಕಳೆದ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದೀರಾ ಎಂಬುದು. ಆರು ತಿಂಗಳು ಇಲ್ಲವೇ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು; ಅವರಲ್ಲೂ ಮೂರು ತಿಂಗಳು ದಾಟಿದವರು ಬೇರೆ, ದಾಟದವರು ಬೇರೆ. ಕೂಲಿ ಸಿಗದಿದ್ದರೂ ಸ್ವಂತ ಹೊಲದ ದುಡಿಮೆ ಲೆಕ್ಕಕ್ಕೆ ಬರುತ್ತದೆ. ಮನೆಯವರೇ ಕುಡಿಯುವ ಹಾಲಿಗಾಗಿ ಹಸು ಸಾಕಿದರೂ ಅದು ಕೆಲಸವೇ. ಅಡುಗೆ ಮಾಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಮಾತ್ರ ಈ ಲೆಕ್ಕದ ಹೊರಗೆ. ಇದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲದ ಮಾತು. ಆದರೂ ಆ ತಾಯಿಯ ಹೊಲ, ಹಸು, ಕೊಬ್ಬರಿ, ಪೊರಕೆಗಳನ್ನು ಕೂಡಿಸಿದರೆ ಅರ್ಧ ವರ್ಷ ಸಲೀಸಾಗಿ ದಾಟುತ್ತದೆ. ಅವರು ಮುಖ್ಯ ಕೆಲಸಗಾರರು. ‘ಏನಿಲ್ಲ’ ಎಂದಷ್ಟೇ ಕೇಳಿಕೊಂಡು ಮುಂದಿನ ಮನೆಗೆ ಹೋದ ಗಣತಿದಾರರ ಹಾಳೆಯಲ್ಲಿ ಮಾತ್ರ ಕೆಲಸ ಮಾಡದವರು.

ಕೇಳುವ ಬಗೆ ಬದಲಾದರೆ ದೇಶದ ಚಿತ್ರವೇ ಬದಲಾಗುತ್ತದೆ. 1961ರ ಗಣತಿಯಲ್ಲಿ ಹಂಗಾಮಿನ ಹೆಚ್ಚಿನ ಕಾಲ ದಿನಕ್ಕೊಂದು ಗಂಟೆಗಿಂತ ಹೆಚ್ಚು ದುಡಿದವರೂ ಕೆಲಸಗಾರರೇ ಆಗಿದ್ದರು. 1971ರಲ್ಲಿ ನಿಮ್ಮ ಮುಖ್ಯ ಚಟುವಟಿಕೆ ಯಾವುದು ಎಂದು ಕೇಳಲಾಯಿತು. ಹೆಂಗಸರು ಮನೆಗೆಲಸ ಎಂದರು. ಸುಮಾರು 5.9 ಕೋಟಿ ಇದ್ದ ದುಡಿಯುವ ಹೆಂಗಸರ ಲೆಕ್ಕ 3.1 ಕೋಟಿಗೆ ಇಳಿಯಿತು! ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಅಷ್ಟೊಂದು ಕೈಗಳು ಹತ್ತೇ ವರ್ಷದಲ್ಲಿ ಸುಮ್ಮನಾಗಿರಲಿಲ್ಲ. 1981ರಲ್ಲಿ 183 ದಿನದ ಅಳತೆ ಬಂದದ್ದು, ಅಲ್ಪಾವಧಿಯವರಿಗೊಂದು ಕಲಂ ಸಿಕ್ಕಿದ್ದು ಇಂಥ ಅನುಭವದ ನಂತರವೇ.

ಮಾತಿನ ನಡುವೆ ಆ ತಾಯಿಯ ಮೊಮ್ಮಗ ಬಂದ. ಡಿಗ್ರಿ ಮುಗಿಸಿದ ಹುಡುಗ. “ಸುಮ್ನೆ ಇದೀನಿ ಸಾರ್, ಕೆಲಸ ಹುಡುಕ್ತಾ ಇದೀನಿ” ಎಂದ. “ಸುಮ್ನೆ ಎಲ್ಲಿದ್ದೀಯ, ಕಾಯಿ ಕೆಡವೋವಾಗೆಲ್ಲ ತ್ವಾಟದಲ್ಲೇ ಇರ್ತೀಯ” ಎಂದರು ಅಜ್ಜಿ. ಎಲ್ಲ ಸೇರಿದರೆ ವರ್ಷಕ್ಕೆ ಎರಡು ತಿಂಗಳಾದೀತು. ಪತ್ರಿಕೆಗಳಲ್ಲಿ ಬರುವ ನಿರುದ್ಯೋಗದ ಶೇಕಡಾವಾರು ಅಂಕಿ ಹುಟ್ಟುವುದು ಜನಗಣತಿಯಿಂದಲ್ಲ, 2017ರಿಂದ ನಡೆಯುತ್ತಿರುವ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯಿಂದ. ಅದರ ವಾರದ ಅಳತೆಯಲ್ಲಿ ಏಳು ದಿನಗಳ ಪೈಕಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದರೂ ಉದ್ಯೋಗಿ. ಹಾಗಾಗಿ ಕಾಯಿ ಕೆಡವುವ ವಾರ ಕೇಳಿದರೆ ಈ ಹುಡುಗ ಉದ್ಯೋಗಿ, ಮರು ವಾರ ಕೇಳಿದರೆ ನಿರುದ್ಯೋಗಿ. ಜನಗಣತಿ ಅವನನ್ನು ಮೂರು ತಿಂಗಳೊಳಗಿನ ಕೆಲಸಗಾರ ಎಂದು ಬರೆದುಕೊಂಡು, ಕೆಲಸ ಹುಡುಕುತ್ತಿದ್ದೀಯಾ ಎಂದೂ ಬೇರೆಯಾಗಿ ಕೇಳುತ್ತದೆ. ಸಮೀಕ್ಷೆ ಆಯ್ದ ಕೆಲವು ಮನೆಗಳಿಗಷ್ಟೇ ಹೋಗುತ್ತದೆ. ಗಣತಿ ಪ್ರತಿ ಮನೆಗೂ ಹೋಗುತ್ತದೆ. ಆದ್ದರಿಂದಲೇ ಹಾರನಹಳ್ಳಿಯಂಥ ಒಂದೊಂದು ಊರಿನ ಕೆಲಸಗಾರರ ಪಟ್ಟಿ ಸಿಗುವುದು ಗಣತಿಯಲ್ಲಿ ಮಾತ್ರ. ಇಡೀ ದೇಶದ ರೈತರಿಗಿಂತ ಕೃಷಿ ಕೂಲಿಕಾರರೇ ಹೆಚ್ಚು, 11.9 ಕೋಟಿಗೆ ಎದುರು 14.4 ಕೋಟಿ, ಎಂದು 2011ರಲ್ಲಿ ತಿಳಿದದ್ದೂ ಹೀಗೆ ಮನೆ ಮನೆಗೆ ಹೋದದ್ದರಿಂದ.

ಹದಿನಾರು ವರ್ಷಗಳ ನಂತರ, 2027ರ ಫೆಬ್ರುವರಿಯಲ್ಲಿ, ಮತ್ತೆ ತಲೆ ಎಣಿಕೆ. ಈ ಸಲ ಗಣತಿದಾರರ ಕೈಯಲ್ಲಿ ಹಾಳೆಯ ಬದಲು ಮೊಬೈಲ್. ಅದನ್ನು ಹೇಳಿದಾಗ ಆ ತಾಯಿ ಮೊದಲ ಸಲ ಚಾಕು ಕೆಳಗಿಟ್ಟು ಕೇಳಿದರು: “ಹಾಲು ಮನೆಗೇ ಸರಿಹೋಯ್ತದೆ. ಅದ್ನೂ ಹೇಳಬೋದಾ?”

“ಹೇಳಲೇಬೇಕಮ್ಮ. ಹೊಲ, ಹಸು, ಕೊಬ್ಬರಿ, ಪೊರಕೆ, ಎಲ್ಲ ಹೇಳಿ. ಎಷ್ಟು ತಿಂಗಳು ಅಂತಾನೂ ಹೇಳಿ.” ಹುಡುಗನಿಗೂ ಅದನ್ನೇ ಹೇಳಿದೆ: ತೋಟದ ಎರಡು ತಿಂಗಳನ್ನೂ ಬರೆಸಪ್ಪ, ಕೆಲಸ ಹುಡುಕುತ್ತಿರುವುದನ್ನೂ ಬರೆಸು, ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.