ತುತ್ತು ಇಳಿಯದಿದ್ದಾಗ



ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳವರೆಗೆ ಯಾವ ಮನೆಗೆ ಹೋದರೂ ಊಟವೆಂದರೆ ಜೋಳದ ರೊಟ್ಟಿಯೇ ಸರಿ. ಕಟಕ ರೊಟ್ಟಿಯನ್ನು ಶೇಂಗಾ ಹಿಂಡಿಯೊಡನೆ ಅಗಿದು ನುಂಗಬಲ್ಲ ಗಂಟಲಿನ ಬಗ್ಗೆ ಚಿಂತೆ ಬೇಡ. ಹಾಗೆ ಉಣ್ಣುತ್ತಿದ್ದವರು ಸದ್ದಿಲ್ಲದೆ ರೊಟ್ಟಿಯನ್ನು ಬಿಟ್ಟರೆ ಮಾತ್ರ ಕಾರಣವನ್ನು ವಿಚಾರಿಸಲೇಬೇಕು.

ನಮ್ಮ ಸೋದರಮಾವನವರು ಮುಂಡರಗಿ ಕಡೆಯ ಒಕ್ಕಲಿಗರು. ಮೊದಲು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣತೊಡಗಿದರು. ಕೆಲವು ತಿಂಗಳಲ್ಲಿ ಮೆತ್ತನೆಯ ಅನ್ನಕ್ಕೆ ಬಂದರು. ಕಡೆಗೆ ಅಂಬಲಿಯೊಂದೇ ಉಳಿಯಿತು. ಹಲ್ಲು ಹೋದವು, ವಯಸ್ಸಾಯಿತು ಎಂದು ಮನೆಯವರೆಂದರು, ಅವರೂ ಹೌದೆಂದರು. ಅಂಗಿ ಹೆಗಲಿನಿಂದ ಜೋಲುತ್ತಿರುವದನ್ನು ಕಂಡ ಸೊಸೆ ಹಟ ಹಿಡಿದು ದವಾಖಾನೆಗೆ ಕರೆದೊಯ್ದಳು. ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಯಜಮಾನರೇ, ಮೊದಲು ಸಿಕ್ಕಿಕೊಂಡುದು ಯಾವುದು, ರೊಟ್ಟಿಯೋ ನೀರೋ?"

ಅರ್ಧ ರೋಗನಿದಾನ ಈ ಪ್ರಶ್ನೆಯಲ್ಲಿಯೇ ಇದೆ. ಮೊದಲು ಗಟ್ಟಿ ಆಹಾರ, ಬರಬರುತ್ತ ದ್ರವವೂ ಇಳಿಯದಾದರೆ ಅನ್ನನಾಳವು ಎಲ್ಲಿಯೋ ಕಿರಿದಾಗುತ್ತಿದೆ ಎಂದರ್ಥ. ಹೊಟ್ಟೆಯ ಆಮ್ಲವು ವರ್ಷಗಟ್ಟಲೆ ಮೇಲೇರಿ ಸುಟ್ಟ ಗಾಯದ ಕಲೆಯಿಂದ ಹಾಗಾಗಬಹುದು, ಅರ್ಬುದದಿಂದಲೂ ಆಗಬಹುದು. ಮಾವನವರದು ಅರ್ಬುದವಾಗಿತ್ತು. ಅವರ ಕಿಸೆಯಲ್ಲಿ ತಂಬಾಕಿನ ಚೀಲ ಇಲ್ಲದ ದಿನವನ್ನು ನಾನು ಕಂಡಿಲ್ಲ. ಅನ್ನನಾಳವು ಸುಮಾರು ೨೫ ಸೆಂಟಿಮೀಟರ್ ಉದ್ದದ, ಹಿಗ್ಗುವ ಕೊಳವೆ. ಹಿಗ್ಗಿ ದಾರಿ ಮಾಡಿಕೊಡುವದರಿಂದಲೇ ರೋಗವು ಬಹಳ ದಿನ ತೋರಗೊಡುವದಿಲ್ಲ. ಅಡ್ಡಿಯು ಎದೆಯ ಕೆಳಗಿದ್ದರೂ ರೋಗಿಯು ಗಂಟಲನ್ನೇ ಮುಟ್ಟಿ ತೋರಿಸುವದುಂಟು. ಬಿಸಿನೀರು ಮುಕ್ಕಳಿಸುತ್ತ ದಿನಗಳು ಕಳೆಯುತ್ತವೆ. ಮಾವನವರಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು.

ಮೊದಲಿನಿಂದಲೂ ರೊಟ್ಟಿ, ನೀರು ಎರಡೂ ತಡೆದರೆ ಅದು ಸ್ನಾಯು, ನರಗಳ ದೋಷವಿರಬಹುದು. ಲಕ್ವ ಹೊಡೆದವರಲ್ಲಿಯಂತೂ ರೊಟ್ಟಿಗಿಂತ ನೀರೇ ಅಪಾಯಕಾರಿ. ಗುಟುಕು ನೀರಿಗೆ ಕೆಮ್ಮು, ಕುಡಿದ ಮೇಲೆ ಗೊರಗೊರ ದನಿ, ಪದೇ ಪದೇ ಜ್ವರ: ನೀರು ಶ್ವಾಸನಾಳಕ್ಕೆ ಇಳಿಯುತ್ತಿರುವದರ ಗುರುತುಗಳಿವು. ನೋಡಲು ಬಂದ ಬಂಧುಗಳು ಮಲಗಿದವರ ಬಾಯಿಗೆ ಚಮಚೆಯಿಂದ ನೀರು ಬಿಡುವದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಪ್ರೀತಿಯೇನೋ ನಿಜ, ಆ ನೀರು ಪುಪ್ಪುಸಕ್ಕೆ ಹೋದರೆ ನ್ಯುಮೋನಿಯಾ ಆಗುವದೂ ನಿಜ. ನುಂಗುವ ಶಕ್ತಿಯನ್ನು ವೈದ್ಯರು ಪರೀಕ್ಷಿಸುವವರೆಗೆ ಬಾಯಿಗೆ ಏನನ್ನೂ ಹಾಕಬಾರದು.

ರಕ್ತಹೀನತೆಯ ಹೆಣ್ಣುಮಕ್ಕಳಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳುಪರೆ ಬೆಳೆದು ತುತ್ತು ತಡೆಯುವದುಂಟು. ಊಟದ ಹೊತ್ತಿಗೆ ಮಾಯವಾಗುವ "ಗಂಟಲಲ್ಲಿ ಉಂಡೆ" ಮಾತ್ರ ಬಹುಮಟ್ಟಿಗೆ ನಿರಪಾಯಕರ.

ಮೊದಲು ಇಂಥ ತಪಾಸಣೆಗೆ ನಮ್ಮವರು ಹುಬ್ಬಳ್ಳಿಯ ಹಾದಿ ಹಿಡಿಯುತ್ತಿದ್ದರು. ೨೦೧೫ರಿಂದ ಗದಗಿನಲ್ಲಿಯೇ ಸರಕಾರಿ ವೈದ್ಯಕೀಯ ಸಂಸ್ಥೆಯಿದೆ. ವಿಚಾರಣೆಯನ್ನು ಅಲ್ಲಿಂದಲೇ ಆರಂಭಿಸಬಹುದು. ಎಂಡೋಸ್ಕೋಪಿ ಎಂದೊಡನೆ ಹಿರಿಯರು ಹೆದರುತ್ತಾರೆ. ಖಾಲಿ ಹೊಟ್ಟೆಯಲ್ಲಿ, ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ದೀಪವುಳ್ಳ ಬಳುಕುವ ನಳಿಗೆಯನ್ನು ಇಳಿಸುವರು; ಕೆಲವೇ ನಿಮಿಷಗಳ ಕೆಲಸ. ಸಂಶಯವಿದ್ದಲ್ಲಿ ಚೂರು ಮಾಂಸವನ್ನು ಪರೀಕ್ಷೆಗೆ ತೆಗೆಯುವರು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವದೂ ಉಂಟು. ಅದು ಸುಣ್ಣದ ತಿಳಿಯಂತಿರುವ ಬಿಳಿಯ ದ್ರವ. ಮುಂದೆ ಒಂದೆರಡು ದಿನ ಮಲವು ಬೆಳ್ಳಗಾಗುವದು, ಗಾಬರಿಯಾಗಬೇಕಾಗಿಲ್ಲ.