ಗಾಳಿ ಎತ್ತಲಿಂದ?

ನಮ್ಮ ಅಜ್ಜನಿಗೆ ಬೆಳಗಾಗೆದ್ದು ಮೊದಲು ಬೇಕಾಗುತ್ತಿದ್ದದ್ದು ಚಹಾವೂ ಅಲ್ಲ, ಕವಳವೂ ಅಲ್ಲ, ಒಂದು ಸುದ್ದಿ. ಕುಮಟೆಯ ಹಳೆಯ ಮನೆಯ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ಮನೆಯ ಮಕ್ಕಳಲ್ಲೆಲ್ಲ ಕಿರಿಯವನಾದ ನನ್ನನ್ನು ಕರೆದು, "ಗಾಳಿ ಎತ್ಲಾಗಿಂದಲೋ ತಮಾ?" ಎಂದು ಕೇಳುತ್ತಿದ್ದ. ನಾನು ಅಂಗಳಕ್ಕೆ ಓಡಿ, ತೆಂಗಿನ ಗರಿಯ ತುದಿ ಯಾವ ಬದಿಗೆ ತಿರುಗಿದೆ, ಬಚ್ಚಲ ಒಲೆಯ ಹೊಗೆ ಯಾರ ಮನೆಯ ಕಡೆ ಹೊರಟಿದೆ ಎಂದು ನೋಡಿ ಬಂದು, "ಗುಡ್ಡದ ಬದಿಯಿಂದ ಅಜ್ಜಾ" ಎಂದು ವರದಿ ಒಪ್ಪಿಸಿದರೆ ಕೈಗೊಂದು ಬೆಲ್ಲದ ಚೂರು ಬೀಳುತ್ತಿತ್ತು. ಅಜ್ಜ ಎಲ್ಲಿಗೂ ಹೊರಟವನಲ್ಲ. ಆ ವಯಸ್ಸಿನಲ್ಲಿ ಅವನ ಯಾತ್ರೆಗಳೆಲ್ಲ ಜಗಲಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ದೇವರ ಕೋಣೆಗೆ. ಅಷ್ಟಕ್ಕೆ ವಾಯುದೇವನ ಅನುಜ್ಞೆ ಯಾಕೆ ಬೇಕು ಎಂಬ ಪ್ರಶ್ನೆ ನನ್ನೊಳಗೆ ಐವತ್ತು ವರ್ಷ ಹಾಗೇ ಉಳಿದಿತ್ತು. ಮೊನ್ನೆ ಮಾಘದ ಚಳಿಯಲ್ಲಿ ಮೂವರು ಗೆಳೆಯರ ಜೊತೆ ಹಾಯಿದೋಣಿಯಲ್ಲಿ ಕಾರವಾರದಿಂದ ಮುರ್ಡೇಶ್ವರಕ್ಕೆ ಹೋಗುವಾಗ ಅದಕ್ಕೆ ಉತ್ತರ ಸಿಕ್ಕಿತು. ಅದನ್ನು ಹೇಳುವುದಕ್ಕೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಅವಸರವಿಲ್ಲ ತಾನೇ?

ದೋಣಿ ನಮ್ಮಲ್ಲೊಬ್ಬನದು. ಧಾರವಾಡದ ಹಾಸ್ಟೆಲಿನಲ್ಲಿ ನಾವು ನಾಲ್ವರೂ ಒಂದೇ ಕೋಣೆಯವರು. ಅವನು ಸರಕು ಹಡಗುಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿ, ಗೋವೆಯಲ್ಲಿ ಮೂವತ್ತೆರಡು ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ತಳ ಉಜ್ಜಿಸಿ, ಹಾಯಿ ಹೊಲಿಸಿ, ಮಗಳ ಮದುವೆಗೆ ಕರೆದ ಹಾಗೆ ನಮ್ಮನ್ನೆಲ್ಲ ಕರೆದ. ಕರಾವಳಿಯಲ್ಲಿ ದೋಣಿ ನಡೆಸುವ ಹಿರಿಯನಿಗೆ ತಾಂಡೇಲ ಎನ್ನುತ್ತಾರೆ. ಆ ಪದವಿಯನ್ನು ಅವನಿಗೆ ಒಮ್ಮತದಿಂದ ಕೊಟ್ಟೆವು. ಇನ್ನೊಬ್ಬ ಸಿರ್ಸಿಯಲ್ಲಿ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು. ಮತ್ತೊಬ್ಬ ರೋಣದ ಕಡೆಯ ಒಕ್ಕಲಿಗ, ಎರೆಹೊಲದ ಜೋಳ ಬೆಳೆಯುವವನು. ಅವನ ಊರಲ್ಲಿ ನೀರೆಂದರೆ ಕೊಡದ ಲೆಕ್ಕದಲ್ಲಿ ಎಣಿಸುವ ವಸ್ತು. ಬೈತಖೋಲದ ಬಂದರಿನಲ್ಲಿ ನಿಂತು ಕಡಲನ್ನು ಒಂದು ಗಳಿಗೆ ದಿಟ್ಟಿಸಿ, "ಇಷ್ಟಕೊಂದು ನೀರು, ಒಂದು ಎಕರೆಗೂ ಬರಂಗಿಲ್ಲಲ್ಲೋ" ಎಂದು ನಿಜವಾಗಿ ಮರುಗಿದ.

ಬೆಳಗಿನ ಐದಕ್ಕೆ ತಾಂಡೇಲ ಎಬ್ಬಿಸಿದ. ಹೊರಗೆ ಬಂದು ನಿಂತಾಗ ಮೊದಲು ತಿಳಿದದ್ದು ಗಾಳಿಯಲ್ಲ, ವಾಸನೆ. ಎಲ್ಲೋ ಸುಟ್ಟ ದರಕಿನ ಹೊಗೆ, ಮಾವಿನ ಹೂವಿನ ಒಗರು, ಇಬ್ಬನಿಯಲ್ಲಿ ನೆಂದ ಮಣ್ಣು. ಉಪ್ಪುನೀರಿನ ಮೇಲೆ ನಿಂತು ಕಾಡಿನ ಉಸಿರನ್ನು ಮೂಸುತ್ತಿದ್ದೆ. ಕಾರವಾರದಲ್ಲಿ ಸಹ್ಯಾದ್ರಿ ಕಡಲಿನ ಮಗ್ಗುಲಿಗೇ ಬಂದು ನಿಂತಿದೆಯಲ್ಲ, ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಹಗಲಿನ ಬಿಸಿಯನ್ನು ಅಷ್ಟು ಬೇಗ ಬಿಡುವುದಿಲ್ಲ. ತಂಪಾಗಿ ಭಾರವಾದ ಗಾಳಿ ಗುಡ್ಡದ ಇಳಿಜಾರಿನಲ್ಲಿ ಜಾರಿಕೊಂಡು ಕಡಲಿಗೆ ಇಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಲೆಕ್ಕ ತಿರುಗಿ, ನೆಲದ ಗಾಳಿ ಮೇಲೇಳುತ್ತದೆ, ಅದರ ಜಾಗ ತುಂಬಲು ಕಡಲ ಗಾಳಿ ಒಳನಾಡಿಗೆ ಹೊರಡುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಈ ಕರಾವಳಿಯ ದಿನಚರಿ ಇದೇ. ಬೆಳಿಗ್ಗೆ ಗುಡ್ಡದ ಪಾಳಿ, ಮಧ್ಯಾಹ್ನ ಕಡಲಿನ ಪಾಳಿ. ಇದನ್ನು ಶಾಲೆಯ ಭೂಗೋಳದಲ್ಲಿ ಬಾಣದ ಗುರುತು ಹಾಕಿ ಬಾಯಿಪಾಠ ಮಾಡಿದ್ದೆ. ಮೂಗಿಗೆ ತಿಳಿದದ್ದು ಆವತ್ತೇ.

ಗುಡ್ಡದ ಗಾಳಿಯಲ್ಲೇ ಲಂಗರು ಎತ್ತಿದೆವು. ಹಾಯಿ ತುಂಬಿಕೊಂಡಾಗ ಇಂಜಿನ್ನಿನ ಸದ್ದಿಲ್ಲದೆ ದೋಣಿ ಚಲಿಸಿತು, ತೊಟ್ಟಿಲು ತೂಗಿದಷ್ಟು ಮೆತ್ತಗೆ. ದೇವಗಡ ದ್ವೀಪದ ದೀಪಸ್ತಂಭ ಕತ್ತಲಲ್ಲಿ ಕಣ್ಣು ಮಿಟುಕಿಸುತ್ತಿತ್ತು. 1864ರಿಂದ ಅಲ್ಲಿ ದೀಪವಿದೆ. ಅದರಾಚೆ ಕೂರ್ಮಗಡದ ನೆರಳು. ವರ್ಷಕ್ಕೊಮ್ಮೆ ಪುಷ್ಯದ ಹುಣ್ಣಿಮೆಗೆ ಅಲ್ಲಿಯ ನರಸಿಂಹನ ಜಾತ್ರೆಗೆ ಜನ ದೋಣಿ ಕಟ್ಟಿಕೊಂಡು ಹೋಗುತ್ತಾರೆ. ಹಿಂದೆ ಕಾಳಿ ನದಿಯ ಅಳಿವೆಯ ಮೇಲೆ ಮಂಜು ಮಲಗಿತ್ತು. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ಇಳಿತದ ಜೊತೆ ತೇಲಿಕೊಂಡು ತಿರುಗಿ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಳಿವೆ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ದೋಣಿ ಬಿಟ್ಟು ಮರಳ ದಂಡೆಯ ಮೇಲೆ ನಡೆದೇ ಮನೆ ಸೇರಿದರಂತೆ. ನೀರಿನ ಮೇಲೆ ಹೊರಟವನಿಗೆ ಹೊತ್ತು ತನ್ನ ಕೈಯಲ್ಲಿಲ್ಲ ಎಂಬುದನ್ನು ಮಹಾಕವಿಗಳೂ ಕಾಳಿಯಿಂದಲೇ ಕಲಿತರು.

ತೆಂಕಕ್ಕೆ ತಿರುಗಿದ ಮೇಲೆ ನೌಕಾನೆಲೆಯ ಸರಹದ್ದಿಗೆ ತಾಗದಂತೆ ದೂರ ಸರಿದು ಹೋಗಬೇಕು. ಆಚೆ ಅಂಜದೀವ ದ್ವೀಪ ಕಪ್ಪಗೆ ಕಂಡಿತು. ಹಾಸ್ಟೆಲಿನಲ್ಲಿ ಲೈಟು ಆರಿದ ಮೇಲೆ ಕಥೆ ಹೇಳುತ್ತಿದ್ದ ಅದೇ ದನಿಯಲ್ಲಿ ತಾಂಡೇಲ ವಾಸ್ಕೋ ಡ ಗಾಮನ ಕಥೆ ತೆಗೆದ. 1498ರ ಏಪ್ರಿಲ್ ಕೊನೆಯಲ್ಲಿ ಆಫ್ರಿಕಾದ ಮಲಿಂದಿಯಿಂದ ಹೊರಟಾಗ ಗಾಮನ ಜೊತೆ ಈ ಕಡಲನ್ನು ಬಲ್ಲ ಮಾರ್ಗದರ್ಶಿಯಿದ್ದ, ಗಾಳಿಯೂ ಬೆನ್ನಿಗಿತ್ತು. ಮೂರೂವರೆ ವಾರದಲ್ಲಿ ಕಲ್ಲೀಕೋಟೆಯ ದಡ ಕಂಡಿತು. ತಿರುಗಿ ಹೊರಟದ್ದು ಇದೇ ಅಂಜದೀವದಿಂದ, ಅಕ್ಟೋಬರಿನ ಮೊದಲ ವಾರ. ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಅವನು ಕಾಯಲಿಲ್ಲ. ಅದೇ ದೂರಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ಗಾಳಿ ಬಿದ್ದ ನಡುಗಡಲಿನಲ್ಲಿ ವಸಡು ಕೊಳೆಯುವ ಸ್ಕರ್ವಿ ರೋಗ ಬಂದು ಹಡಗಿನವರು ಒಬ್ಬೊಬ್ಬರಾಗಿ ಸತ್ತರು. ಮಾನ್ಸೂನ್ ಎಂಬ ಮಾತಿನ ಬೇರು ಅರಬ್ಬಿಯ ಮೌಸಿಮ್, ಅಂದರೆ ಋತು, ತಕ್ಕ ಕಾಲ. ಈ ಕಡಲಿನಲ್ಲಿ ಬಾಳಿದವರು ಗಾಳಿಗೆ ಇಟ್ಟ ಹೆಸರೇ ಕಾಲ.

ಅಜ್ಜನ ಕಾಲವೂ ಅದೇ ಆಗಿತ್ತು. ಹರೆಯದಲ್ಲಿ ಅವನು ಕುಮಟೆಯ ಬಂದರಿನ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನಿನ ಮೇಲೆ ಘಟ್ಟ ಇಳಿದು ಬಂದು ಕುಮಟೆಯ ಹೆಸರಲ್ಲೇ ಇಂಗ್ಲೆಂಡಿನ ಗಿರಣಿಗಳಿಗೆ ಹೋಯಿತಂತೆ. ಆ ವೈಭವ ಅಜ್ಜನ ಹೊತ್ತಿಗೆ ಕಥೆಯಾಗಿತ್ತು. ಅವನ ಪುಸ್ತಕದಲ್ಲಿದ್ದದ್ದು ಹಂಚು, ತೆಂಗಿನಕಾಯಿ, ಉಪ್ಪು, ಅಡಿಕೆ, ಇವನ್ನು ಹೊತ್ತು ಮುಂಬಯಿಗೆ ಹೋಗುವ ಪತೇಮಾರಿ ಹಾಯಿಹಡಗುಗಳು. ಮಳೆಗಾಲಕ್ಕೆ ಮುನ್ನ ಅವನ್ನು ದಡಕ್ಕೆಳೆದು ಮಡ್ಲು ಹೊದಿಸಿಟ್ಟು, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಹೊಸ ವರ್ಷದ ಮಾತು. ಆ ಲೆಕ್ಕದ ಪುಸ್ತಕವೊಂದು ಇನ್ನೂ ನಮ್ಮ ಅಟ್ಟದಲ್ಲಿದೆ. ಪುಟದ ಎಡಕ್ಕೆ ತಾರೀಖು, ಬಲಕ್ಕೆ ರೂಪಾಯಿ ಆಣೆ ಪೈ, ನಡುವೆ ಸಣ್ಣ ಅಕ್ಷರದಲ್ಲಿ ಬಡಗಾಳಿ, ಮೂಡುಗಾಳಿ, ಗಾಳಿ ಇಲ್ಲ.

ಗಾಳಿ ಇಲ್ಲ. ನಮಗೂ ಹತ್ತೂವರೆಗೆ ಅದೇ ಆಯಿತು. ಗುಡ್ಡದ ಪಾಳಿ ಮುಗಿದಿತ್ತು, ಕಡಲಿನ ಪಾಳಿ ಶುರುವಾಗಿರಲಿಲ್ಲ. ಹಾಯಿ ಒಣಹಾಕಿದ ಪಂಚೆಯಂತೆ ಇಳಿಬಿತ್ತು, ನೀರು ಎಣ್ಣೆಯಂತೆ ಹೊಳೆಯಿತು, ದೋಣಿ ನಿಂತಲ್ಲೇ ಸ್ಥಿತಪ್ರಜ್ಞನಾಯಿತು. ಮೇಷ್ಟ್ರ ಹೊಟ್ಟೆ ತೊಳಸತೊಡಗಿತು. ಮನೆಯಿಂದ ತಂದಿದ್ದ ಅಪ್ಪೆಮಿಡಿಯ ಉಪ್ಪಿನಕಾಯಿ ರಸವನ್ನು ಅವರ ನಾಲಗೆಗೆ ಮುಟ್ಟಿಸಿ, ದಿಗಂತವನ್ನೇ ನೋಡುತ್ತಿರಿ ಎಂದು ಕೂರಿಸಿದೆವು. ಇಂಜಿನ್ ಇತ್ತು. ಗುಂಡಿ ಒತ್ತಿದರೆ ಗೋಕರ್ಣ ಎರಡು ಮೂರು ತಾಸಿನ ದಾರಿ. "ಹಚ್ಚಲೇನ?" ಎಂದು ತಾಂಡೇಲ ಕೇಳಿದ. ಬೇಡ ಅಂದವನು ರೋಣದವನು.

"ಕಣದಾಗ ಜ್ವಾಳಾ ತೂರಾಕ ನಾವೇನು ಕಮ್ಮಿ ಕಾದೀವೇನ?" ಎಂದ. "ಕೈಯಾಗ ತುಂಬಿದ ಮೊರ, ಮ್ಯಾಲ ಬಿಸಲು. ಗಾಳಿ ಇಲ್ಲಂದ್ರ ಮೊರ ಇಳಿಸಿ ಅಲ್ಲೇ ಮಕ್ಕೋತಿದ್ವಿ. ನಮ್ಮಪ್ಪ ಕಣ್ಣು ಮುಚ್ಚಿಕೊಂಡ ಹೇಳಾಂವ, ಬಂತು, ಏಳ್ರಿ ಅಂತ. ಕಿವಿ ತಣ್ಣಗಾದ್ರ ಗಾಳಿ ಬಂತು ಅಂತ ಲೆಕ್ಕ." ಹೊಟ್ಟು ಹಾರಿಸಿ ಕಾಳು ಉಳಿಸುವ ಗಾಳಿಯ ಕಥೆಯನ್ನು ಅವನು ಒಂದು ತಾಸು ಹೇಳಿದ. ಈಗ ಯಂತ್ರ ಬಂದಿದೆ, ಕಣವೇ ಇಲ್ಲ, ಕಣದಲ್ಲಿ ಒಟ್ಟಿಗೆ ಮಲಗಿ ಕಾಯುತ್ತಿದ್ದ ನೆರೆಯವರೂ ಇಲ್ಲ ಎನ್ನುವಾಗ ಅವನ ದನಿ ಇಳಿಯಿತು. ನಲವತ್ತು ವರ್ಷದ ಗೆಳೆತನದಲ್ಲಿ ಅವನ ತಂದೆಯ ಮಾತನ್ನು ಅಷ್ಟು ಹೊತ್ತು ನಾವು ಕೇಳಿದ್ದು ಅದೇ ಮೊದಲು. ವರ್ಷಕ್ಕೊಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ಭೇಟಿಯಾದಾಗ ಬಸ್ಸಿನ ಹೊತ್ತು ನೋಡಿಕೊಂಡೇ ಮಾತಾಡಿದವರು ನಾವು. ಕಾಯುವುದೇ ಕೆಲಸವಾದಾಗ ಮನುಷ್ಯ ಎಷ್ಟು ಹೇಳಬಲ್ಲ, ಎಷ್ಟು ಕೇಳಬಲ್ಲ ಎಂಬುದು ಆ ನಿಶ್ಚಲ ನೀರಿನ ಮೇಲೆ ಗೊತ್ತಾಯಿತು.

ಹನ್ನೆರಡೂವರೆಯ ಸುಮಾರಿಗೆ ಅವನೇ ಮಾತು ನಿಲ್ಲಿಸಿ ಕಿವಿ ಮುಟ್ಟಿಕೊಂಡ. "ಬಂತು." ನಮಗೇನೂ ಕಾಣಲಿಲ್ಲ. ಆಮೇಲೆ ಪಡುವಣದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಎದ್ದು, ಅಗಲವಾಗುತ್ತ ನಮ್ಮತ್ತ ಬಂತು. ತಾಂಡೇಲ ಎದ್ದು ಚುಕ್ಕಾಣಿಯನ್ನು ರೋಣದವನ ಕೈಗೆ ಕೊಟ್ಟು, ಹಾಯಿಯ ಹಗ್ಗ ನನ್ನ ಕೈಗಿಟ್ಟ. ಮುಂದಿನ ಹಾಯಿಯ ಎರಡೂ ಮೈಗೆ ಗೇಣುದ್ದದ ಉಲ್ಲನ್ ಎಳೆಗಳನ್ನು ಅಂಟಿಸಿರುತ್ತಾರೆ. ಗಾಳಿಯ ಬದಿಯ ಎಳೆ ಕುಣಿದರೆ ಹಗ್ಗ ಬಿಗಿಯಬೇಕು, ಆಚೆ ಬದಿಯದು ಕುಣಿದರೆ ಸಡಿಲಿಸಬೇಕು. ಎರಡೂ ಒಂದಕ್ಕೊಂದು ಸಮವಾಗಿ ಹಿಂದಕ್ಕೆ ಚಾಚಿ ಮಲಗಿದರೆ ಹಾಯಿ ಸರಿ ಕೂತಿದೆ ಎಂದರ್ಥ. ಕೆಂಪು ಎಳೆಯೊಂದನ್ನೇ ನೋಡುತ್ತ ಬೆರಳಷ್ಟು ಹಗ್ಗ ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಎಳೆ ಒಮ್ಮೆ ನಡುಗಿ ನೆಟ್ಟಗಾಯಿತು. ಅದೇ ಕ್ಷಣಕ್ಕೆ ದೋಣಿ ಮೈ ವಾಲಿಸಿ, ಅಣಿಯದ ಕೆಳಗೆ ನೀರು ಸೊಯ್ಯೆಂದು ಸೀಳಿತು. ಪಡುಗಾಳಿಯಾಗಿ ಹುಟ್ಟಿದ್ದು ಸಂಜೆಯ ಹೊತ್ತಿಗೆ ವಾಯವ್ಯಕ್ಕೆ ತಿರುಗಿತು. ವಾಯುವಿನ ದಿಕ್ಕಿಗೆ ವಾಯವ್ಯವೆಂದು ಹೆಸರಿಟ್ಟ ಹಿರಿಯರನ್ನು ಮೇಷ್ಟ್ರು ಮನಸಾರೆ ಹೊಗಳಿದರು. ಅಷ್ಟು ಹೊತ್ತಿಗೆ ಅವರ ಹೊಟ್ಟೆಯೂ ಪ್ರಸನ್ನವಾಗಿತ್ತು. ಗೋಕರ್ಣದ ಕೋಡುಗಲ್ಲಿನ ಮರೆಯಲ್ಲಿ ಲಂಗರು ಹಾಕಿ, ಕುಚಲಕ್ಕಿ ಗಂಜಿ ಉಂಡು ಮಲಗಿದೆವು.

ಮರುದಿನ ಅಘನಾಶಿನಿಯ ಅಳಿವೆ ದಾಟಿದೆವು. ದಾರಿಯುದ್ದಕ್ಕೂ ಒಂದು ಅಣೆಕಟ್ಟೂ ಇಲ್ಲದೆ ಕಡಲಿಗೆ ಬರುವ ಹೊಳೆ ಅದು. ಹಾಗಾಗಿಯೇ ಅದರ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗದ ಭತ್ತವೂ ಕೆಸರಿನಲ್ಲಿ ಬಳಚು ಚಿಪ್ಪುಗಳೂ ಇನ್ನೂ ಬದುಕಿವೆ. ಹಾಗೆಯೇ ಉಳಿಯಲಿ ಎಂದು ನಾಲ್ವರೂ ಹಾರೈಸಿದೆವು. ಮುಂದೆ ಕುಮಟೆ. ಹುಟ್ಟಿ ಬೆಳೆದ ಊರನ್ನು ಕಡಲಿನ ಕಡೆಯಿಂದ ನಾನು ಎಂದೂ ನೋಡಿರಲಿಲ್ಲ. ತೆಂಗಿನ ಹಸಿರು ಗೆರೆ, ಅದರ ಮೇಲೆ ನೀಲಿ ಗುಡ್ಡ, ಅಷ್ಟೇ. ನಮ್ಮ ಮನೆ ಎಲ್ಲಿ ಎಂದು ಕಣ್ಣು ಹುಡುಕುತ್ತಿದ್ದಾಗ ಗಾಳಿ ಬಿದ್ದಿತ್ತು, ಮೊಬೈಲಿಗೆ ಮಾತ್ರ ಸಿಗ್ನಲ್ ಬಂತು, ಅದರ ಬೆನ್ನಿಗೇ ಅಕ್ಕನ ಫೋನ್. ಆ ಮನೆಯಲ್ಲಿ ಈಗಿರುವವಳು ಅವಳೇ. ಊಟ ಆಯಿತೇ ಎಂದು ಕೇಳಲಿಲ್ಲ, ಎಷ್ಟೊತ್ತಿಗೆ ಬರುತ್ತೀ ಎನ್ನಲಿಲ್ಲ. "ತಮಾ, ಇಲ್ಲಿ ಗರಿ ಈಗಷ್ಟೇ ಗುಡ್ಡದ ಬದಿಗೆ ತಿರುಗ್ತು. ನಿಂಗಕ್ಕೆ ಅಲ್ಲಿ ಗಾಳಿ ಬಂತನೋ?" ಅಂದಳು.

ನನಗೆ ಒಂದು ಗಳಿಗೆ ಮಾತು ಹೊರಡಲಿಲ್ಲ. ಅಕ್ಕ ಬೆಳಗಿನಿಂದ ಅಂಗಳಕ್ಕೆ ಎಷ್ಟು ಸಲ ಬಂದು ನಿಂತಿದ್ದಳೋ. ಅಜ್ಜನ ಕಾಲದಲ್ಲೂ ಹಾಗೇ, ಪತೇಮಾರಿ ಹೊರಟ ಮೇಲೆ ತಿಂಗಳುಗಟ್ಟಲೆ ಕಾಗದವಿಲ್ಲ, ತಂತಿಯಿಲ್ಲ. ದಡದಲ್ಲಿ ಉಳಿದವನಿಗೆ ಹೋದವರ ಬಗ್ಗೆ ತಿಳಿಯಲು ಇದ್ದ ಒಂದೇ ದಾರಿ ಅಂಗಳದ ತೆಂಗಿನ ಗರಿ. ಗಾಳಿ ಎತ್ತಲಿಂದ ಎಂದರೆ ಅವರು ಹೇಗಿದ್ದಾರೆ ಎಂದು ಕೇಳಿದ ಹಾಗೆ. ಅಜ್ಜನ ಪುಸ್ತಕದ ನಡುಗೀಟಿನಲ್ಲಿದ್ದದ್ದು ವ್ಯಾಪಾರದ ಲೆಕ್ಕವಲ್ಲ. ಪತೇಮಾರಿಗಳು ನಿಂತುಹೋದ ಮೇಲೂ ಅವನು ಕೇಳುವುದನ್ನು ಬಿಡದಿದ್ದದ್ದು, ನೀರಿನ ಮೇಲೆ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆಂದು.

ಹೊನ್ನಾವರದ ಅಳಿವೆಯ ಮರಳದಿಬ್ಬಕ್ಕೆ ನಮ್ಮ ದೋಣಿಯ ತಳ ತಾಗುತ್ತದೆಂದು ಹೊರಗಿನಿಂದಲೇ ಕೈ ಮುಗಿದೆವು. 14ನೆಯ ಶತಮಾನದಲ್ಲಿ ಈ ಊರಿಗೆ ಬಂದ ಇಬ್ನ್ ಬತೂತ, ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ನಿಂತು ನೋಡುವ ವ್ಯವಧಾನವಿದ್ದವನು. ಮುರ್ಡೇಶ್ವರದಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತ ಶಿವನ ಬೆನ್ನು ಮೊದಲು ಕಂಡಿತು. ಸಂಜೆಯ ಬಿಸಿಲು ಆ ಬೆನ್ನಿನ ಮೇಲಿತ್ತು. ನಾವು ಮೂವರು ಅಲ್ಲಿ ಇಳಿದೆವು. ತಾಂಡೇಲ ಮಲ್ಪೆಯ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಮುಂದೆ ಹೊರಡುವವನಿದ್ದ.

ಆ ರಾತ್ರಿ ಕುಮಟೆಯ ಮನೆಯಲ್ಲಿ ಮಲಗಿದೆ. ಬೆಳಗಿನ ಐದಕ್ಕೆ ಎಚ್ಚರವಾಗಿ ಅಂಗಳಕ್ಕೆ ಹೋದರೆ ಅಕ್ಕ ಆಗಲೇ ಬಚ್ಚಲ ಒಲೆಗೆ ಬೆಂಕಿ ಹಾಕಿದ್ದಳು. ಹೊಗೆ ಕಡಲಿನ ಕಡೆಗೆ ನೆಟ್ಟಗೆ ಹೊರಟಿತ್ತು.

"ಎತ್ಲಾಗಿಂದಲೋ?" ಒಳಗಿನಿಂದಲೇ ಕೇಳಿದಳು.

"ಗುಡ್ಡದ ಬದಿಯಿಂದ," ಅಂದೆ. "ಅವ ಈಗ ಲಂಗರು ಎತ್ತಿರ್ತಾನೆ."